ಗ್ರಂಥಾಲಯದ ಸಾಲಿನಲ್ಲಿ ಸದಾ ಮೊದಲು ನಿಲ್ಲುವ ಕಪ್ಪು ಚೀಲದವರಿಗೆ

ಸನ್ಮಾನ್ಯ ಕಪ್ಪು ಚೀಲದವರ ಸನ್ನಿಧಿಗೆ,
ಸಾಲಿನ ಮೊದಲ ಸ್ಥಾನ, ಕೇಂದ್ರ ಗ್ರಂಥಾಲಯದ ಬಾಗಿಲು,
ಪದ್ಮಾಪಾರ ವಿಶ್ವವಿದ್ಯಾಲಯ, ರಾಜ್‌ಶಾಹಿ.

ಮಾನ್ಯರೇ,

ಈ ಮಾಘದ ಚಳಿಯಲ್ಲೂ ತಾವು ಕ್ಷೇಮವಾಗಿದ್ದೀರೆಂದು, ತಮ್ಮ ಜಿಪ್ಪು ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗವಾಗಿ ಓಡಾಡುತ್ತಿದೆಯೆಂದು, ಹರಿದ ಎಡಪಟ್ಟಿಗೆ ಯಾರೋ ಪುಣ್ಯಾತ್ಮರು ಬಿಗಿದಿರುವ ನೀಲಿ ಪ್ಲಾಸ್ಟಿಕ್ ಹಗ್ಗ ಇನ್ನೂ ಗಟ್ಟಿಯಾಗಿದೆಯೆಂದು ನಂಬಿ, ಹೆಣ್ಣುಮಕ್ಕಳ ಹಾಸ್ಟೆಲಿನ ಮೂರನೆಯ ಮಹಡಿಯಿಂದ ಅತ್ಯಂತ ವಿನಯಪೂರ್ವಕವಾಗಿ ಈ ಪತ್ರವನ್ನು ಬರೆದುಕೊಳ್ಳುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಗ್ರಂಥಾಲಯದ ನೋಟೀಸು ಹಲಗೆಗೆ ಅಂಟಿಸುತ್ತೇನೆ. ತಮಗೆ ಓದಲು ಬಿಡುವಿಲ್ಲದಿದ್ದರೆ ತಮ್ಮ ಹಿಂದೆ ನಿಂತಿರುವ ಯಾವುದಾದರೂ ಕಿರಿಯ ಚೀಲದಿಂದ ಓದಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಮೊದಲಿಗೆ ನನ್ನ ಪರಿಚಯ, ಏಕೆಂದರೆ ತಮ್ಮನ್ನು ಅರಿಯದವರು ಇಲ್ಲಿ ಯಾರೂ ಇಲ್ಲ, ನನ್ನನ್ನು ಅರಿಯಬೇಕಾದ ಅಗತ್ಯ ಯಾರಿಗೂ ಬಿದ್ದಿಲ್ಲ. ನನ್ನ ಹೆಸರು ಮನೋವಾರಾ ಖಾತುನ್, ಮನೆಯವರ ಬಾಯಲ್ಲಿ ಝುಮುರ್. ಸಸ್ಯಶಾಸ್ತ್ರದಲ್ಲಿ ಎಂ.ಫಿಲ್ ಮಾಡುತ್ತಿದ್ದೇನೆ, ಅಂದರೆ ಹಾಸ್ಟೆಲಿನಲ್ಲಿ ಒಂದು ಮಂಚವನ್ನು ಕೈತಪ್ಪದಂತೆ ಉಳಿಸಿಕೊಂಡಿದ್ದೇನೆ. ಈ ದೇಶದಲ್ಲಿ ಪದವಿ ಮುಗಿಸಿದ ಎಲ್ಲರ ಹಾಗೆ ನಾನೂ ಬಿ.ಸಿ.ಎಸ್. ಎಂಬ ಸರ್ಕಾರಿ ಅಧಿಕಾರಿಗಳ ಪರೀಕ್ಷೆಗೆ ಓದುತ್ತಿದ್ದೇನೆ. ಹಿಂದೆ ಬರೆದಾಗಲೆಲ್ಲ ತೇರ್ಗಡೆ ಕೂದಲೆಳೆಯಲ್ಲಿ ತಪ್ಪಿದೆ. ಬರುವ ಶುಕ್ರವಾರದ ಪರೀಕ್ಷೆಯೇ ನನಗೆ ಕೊನೆಯದು, ಆಮೇಲೆ ನನ್ನ ವಯಸ್ಸು ಮಿತಿ ದಾಟುತ್ತದೆ, ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ನಮ್ಮ ಕೋಣೆಯಲ್ಲಿ ನಾಲ್ಕು ಜನ. ಒಬ್ಬಳು ನದಿಗಳ ಉದ್ದವನ್ನು ಗಟ್ಟಿಯಾಗಿ ಉರುಹೊಡೆಯುತ್ತಾಳೆ, ಇನ್ನೊಬ್ಬಳು ಫೋನಿನಲ್ಲಿ ಯಾರೊಡನೆಯೋ ಸದಾ ಮುನಿಸಿಕೊಂಡಿರುತ್ತಾಳೆ, ಪಾಪ್ರಿ ಎಂಬ ಮೂರನೆಯವಳು ಒಳ್ಳೆಯವಳು, ಆದರೆ ನಿದ್ದೆಯಲ್ಲಿ ಸಂವಿಧಾನದ ವಿಧಿಗಳನ್ನು ಹೇಳುತ್ತಾಳೆ, ಅದೂ ತಪ್ಪಾಗಿ. ಆದ್ದರಿಂದ ನನಗೆ ಬೇಕಾಗಿದ್ದುದು ಗ್ರಂಥಾಲಯದಲ್ಲಿ ಒಂದು ಕುರ್ಚಿ, ಅದರ ಮುಂದೆ ಒಂದು ಮೇಜು, ಅಷ್ಟೇ.

ಆ ಅಷ್ಟೇ ಎಂಬುದು ತಮ್ಮ ಆಳ್ವಿಕೆಯಲ್ಲಿ ಎಷ್ಟು ದೊಡ್ಡ ಮಾತೆಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಗ್ರಂಥಾಲಯದಲ್ಲಿ ಗ್ರಂಥಗಳಿಗೆ ಯಾರ ಕಾಟವೂ ಇಲ್ಲ, ಅವು ಕಪಾಟಿನಲ್ಲಿ ತಮ್ಮ ಪಾಡಿಗೆ ತಾವು ಸುಖವಾಗಿವೆ. ಜನ ಬರುವುದು ಕುರ್ಚಿಗಾಗಿ, ಓದುವುದು ತಾವೇ ಕೊಂಡು ತಂದ ಗೈಡುಗಳನ್ನು. ಬಾಗಿಲು ತೆರೆಯುವುದು ಎಂಟಕ್ಕೆ. ಆದರೆ ನಸುಕು ಹರಿಯುವ ಮೊದಲೇ ಬಾಗಿಲಿನಿಂದ ಹಿಡಿದು ಮೆಟ್ಟಿಲಿಳಿದು ಸೈಕಲ್ ನಿಲ್ದಾಣದವರೆಗೆ ಚೀಲಗಳು ಶಿಸ್ತಾಗಿ ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಒಡೆಯರು ಚೀಲ ಇಟ್ಟು ಹೋಗಿ ಮತ್ತೆ ಹಾಸಿಗೆ ಸೇರಿರುತ್ತಾರೆ, ಇಲ್ಲವೇ ಚಹಾದಂಗಡಿಯಲ್ಲಿ ಹಬೆಯಲ್ಲಿ ಬೇಯಿಸಿದ ಬಿಸಿಬಿಸಿ ಭಾಪಾ ಪಿಠೆ ತಿನ್ನುತ್ತಿರುತ್ತಾರೆ. ಯಾರೂ ಯಾರ ಚೀಲವನ್ನೂ ಸರಿಸುವುದಿಲ್ಲ, ಯಾರೂ ಕದಿಯುವುದಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಬಿರಿಯಾನಿ ಬಡಿಸುವಲ್ಲಿ ಒಬ್ಬರ ಮೇಲೊಬ್ಬರು ಬೀಳುವ ನಮ್ಮ ಜನ, ಚೀಲಗಳಾದ ತಕ್ಷಣ ಇಷ್ಟು ಸಭ್ಯರಾಗುವುದನ್ನು ಕಂಡು ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ತೊಡಕಿರುವುದು ಇಷ್ಟೇ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ತೆರೆಯುವುದು ಆರು ಗಂಟೆಗೆ. ನಾವು ಶಾಲು ಹೊದ್ದು ಓಡೋಡಿ ಬರುವ ಹೊತ್ತಿಗೆ ಸಾಲು ಗ್ರಂಥಾಲಯದಲ್ಲಿರುವ ಕುರ್ಚಿಗಳಿಗಿಂತ ಉದ್ದವಾಗಿರುತ್ತದೆ. ತಾವು ದಯವಿಟ್ಟು ಒಮ್ಮೆ ತಿರುಗಿ ನೋಡಬೇಕು, ಆ ಇಡೀ ಸಾಲಿನಲ್ಲಿ ಕಾಲ ಮೇಲೆ ನಿಂತಿರುವ ಮನುಷ್ಯರೆಂದರೆ ತುದಿಯಲ್ಲಿ ನಡುಗುತ್ತಿರುವ ನಾವು ಹುಡುಗಿಯರು ಮಾತ್ರ. ಮುಂದಿರುವುದೆಲ್ಲ ತಮ್ಮ ಬಳಗ. ಈ ಚಳಿಗಾಲವೆಲ್ಲ ನಾನು ಓದಿದ್ದು ಗ್ರಂಥಾಲಯದ ಮಹಡಿ ಮೆಟ್ಟಿಲ ಮೇಲೆ, ಹೋಗಿಬರುವವರ ಕಾಲಿಗೆ ದಾರಿ ಬಿಡುತ್ತ, ಗೋಡೆಗೆ ಒತ್ತಿಕೊಂಡು ಕೂತು.

ಇದನ್ನು ಉಪಗ್ರಂಥಪಾಲಕರಾದ ಮೊಕದ್ದೆಸ್ ಸಾಹೇಬರಲ್ಲಿ ಬಿನ್ನವಿಸಿಕೊಂಡೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ನೋಡಮ್ಮ, ನ್ಯಾಯ ಅಂದ್ರೆ ನ್ಯಾಯ. ಚೀಲ ಸಾಲಲ್ಲಿ ನಿಂತಿತ್ತು, ನೀನು ನಿಂತಿರಲಿಲ್ಲ. ನಾನೇನು ಮಾಡ್ಲಿ ಹೇಳು?" ಎಂದರು. ನಾನು ಹಾಸ್ಟೆಲಿನ ಗೇಟಿನ ವಿಷಯ ಹೇಳಿದೆ. "ಅದು ಗೇಟಿನ ವಿಷಯ, ನನ್ನದು ಬಾಗಿಲು" ಎಂದು ಕೈ ತೊಳೆದುಕೊಂಡರು. ಆದರೂ ದೊಡ್ಡ ಮನಸ್ಸು ಮಾಡಿ, ಆಸನಗಳ ನ್ಯಾಯಯುತ ಹಂಚಿಕೆಗಾಗಿ ಒಂದು ಸಮಿತಿ ರಚಿಸಿದರು. ಸಮಿತಿಯವರು ಮೂರು ಸಲ ಸೇರಿ, ಮೂರು ಸಲವೂ ಸಿಂಗಾರವೆಂಬ ನಮ್ಮ ಕಡೆಯ ಸಮೋಸಾ ತಿಂದು, ಕೊನೆಗೆ ಫೋನಿನಲ್ಲೇ ಕುರ್ಚಿ ಕಾಯ್ದಿರಿಸುವ ವ್ಯವಸ್ಥೆಯನ್ನು ತಂದರು. ಹಿಂದಿನ ಸಂಜೆ ಬುಕಿಂಗ್, ಮರುದಿನ ಕುರ್ಚಿ. ಗಂಡಿಗೂ ಹೆಣ್ಣಿಗೂ ಒಂದೇ ಬುಕಿಂಗ್, ಗೇಟಿನ ಹಂಗಿಲ್ಲ. ಅಂದು ನಮ್ಮ ಹಾಸ್ಟೆಲಿನಲ್ಲಿ ಉದ್ದಿನ ಹಿಟ್ಟಿನ ಕಲಾಯಿ ರೊಟ್ಟಿ ತರಿಸಿ, ಸುಟ್ಟ ಬದನೆಕಾಯಿ ಜೊತೆ ಹಂಚಿಕೊಂಡು ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೂ ಸ್ವಲ್ಪ ಬಂದಿರಬಹುದು.

ಮೊದಲ ಸಂಜೆಯೇ ನನಗೆ ನಲವತ್ತೊಂದನೆಯ ಕುರ್ಚಿ ಸಿಕ್ಕಿತು. ಕಿಟಕಿ ಪಕ್ಕದ್ದು, ಪಕ್ಕದಲ್ಲೇ ಪ್ಲಗ್ಗು, ಕಂಬದ ಮರೆ. ಇಷ್ಟು ಒಳ್ಳೆಯ ಕುರ್ಚಿಯನ್ನು ಯಾರೂ ಮುಟ್ಟದೆ ಬಿಟ್ಟಿದ್ದರಲ್ಲ ಎಂದು ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ, ಮಾನ್ಯರೇ, ಅಲ್ಲಿ ತಾವು ಆಸೀನರಾಗಿದ್ದಿರಿ. ತಮ್ಮ ದರ್ಶನವನ್ನು ಅಷ್ಟು ಹತ್ತಿರದಿಂದ ಪಡೆದದ್ದು ಅದೇ ಮೊದಲು. ನಾನು ಫೋನು ತೋರಿಸಿದೆ, ತಾವು ಏನನ್ನೂ ತೋರಿಸಲಿಲ್ಲ, ಆದರೂ ಇಡೀ ಓದುಕೋಣೆ ತಮ್ಮ ಪಕ್ಷ ವಹಿಸಿತು. ನಮ್ಮನ್ನೆಲ್ಲ ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುವ ಕಾವಲುಗಾರ ಖೋರ್ಷೇದ್ ಮಾಮಾ ಬಂದು, "ಆಪಾ, ಬುಕಿಂಗ್ ನಿಮ್ಮ ಫೋನಲ್ಲಿದೆ, ಒಪ್ಕೋತೀನಿ. ಆದ್ರೆ ಕುರ್ಚಿ ಮೇಲೆ ಚೀಲ ಇದೆಯಲ್ಲ" ಎಂದರು. ಮೊಕದ್ದೆಸ್ ಸಾಹೇಬರು ಇನ್ನೂ ಆಳವಾಗಿ ಯೋಚಿಸಿ, "ಚೀಲದ ಹೆಸರಲ್ಲಿ ಬುಕಿಂಗ್ ಇಲ್ಲ, ಸರಿ. ಆದ್ರೆ ಅದು ಬುಕಿಂಗ್ ಬರೋಕೆ ಮುಂಚಿನಿಂದ ಕೂತಿದೆಯಮ್ಮ. ಹಳಬರಿಗೆ ಹೊಸ ನಿಯಮ ಹಾಕಕ್ಕಾಗುತ್ತಾ?" ಎಂದರು. ಖಾಯಂ ನೌಕರಿ ಎಂದರೇನೆಂದು ಇಷ್ಟು ವರ್ಷ ಗೈಡುಗಳಲ್ಲಿ ಓದಿದರೂ ಅರ್ಥವಾಗಿರದ ನನಗೆ ಅಂದು ತಮ್ಮಿಂದ ಅರ್ಥವಾಯಿತು.

ಗದ್ದಲ ಆ ಒಂದು ಕುರ್ಚಿಗೇ ನಿಲ್ಲಲಿಲ್ಲ. ಫೋನಿನವರದೊಂದು ಸಾಲು, ಚೀಲದವರದೊಂದು ಸಾಲು, ಎರಡೂ ಒಂದೇ ಬಾಗಿಲಿಗೆ. ಬುಕಿಂಗ್ ಮಾಡಿದ ಹುಡುಗರೇ, ಎಲ್ಲಿ ಬುಕಿಂಗ್ ಕೈಕೊಡುತ್ತದೋ ಎಂದು ಹೆದರಿ ಚೀಲವನ್ನೂ ಇಡುತ್ತಿದ್ದರು. ಸಮಿತಿ ಮತ್ತೆ ಸೇರಿತು, ಮತ್ತೆ ಸಿಂಗಾರ ಬಂತು. ಆಮೇಲೆ ಹೊರಬಿದ್ದ ರಾಜಿಯನ್ನು ತಾವು ಬಲ್ಲಿರಿ. ಕುರ್ಚಿ ಕಾಯ್ದಿರಿಸಿದವರು ತಮ್ಮ ಚೀಲವನ್ನು ಸಾಲಿನಲ್ಲಿ ಇಡತಕ್ಕದ್ದು. ಖೋರ್ಷೇದ್ ಮಾಮಾ ನಸುಕಿನ ನಮಾಜಿಗೆ ಹೋಗುವ ಮುನ್ನ ಪ್ರತಿಯೊಂದು ಚೀಲಕ್ಕೂ ಅದರ ಕುರ್ಚಿಯ ಸಂಖ್ಯೆ ಬರೆದ ಚೀಟಿ ಕಟ್ಟತಕ್ಕದ್ದು. ಯಾವ ಸಂಖ್ಯೆಯ ಚೀಟಿ ಯಾವ ಚೀಲದ ಮೇಲೂ ಇಲ್ಲವೋ ಆ ಬುಕಿಂಗ್ ರದ್ದಾಗತಕ್ಕದ್ದು. ಅಂದರೆ ಚೀಲದ ಸಾಲನ್ನು ತಪ್ಪಿಸಲೆಂದು ಬುಕಿಂಗ್ ಬಂತು, ಬುಕಿಂಗನ್ನು ಕಾಪಾಡಲೆಂದು ಚೀಲದ ಸಾಲು ಬಂತು. ತಮ್ಮ ವಂಶಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾವ ಸರ್ಕಾರದಿಂದಲೂ ಸಲ್ಲಲಾರದು.

ನಸುಕಿಗೆ ನಮ್ಮ ಗೇಟು ಮುಚ್ಚಿರುತ್ತದೆ. ಆಗ ನಾನು ಒಂದು ಉಪಾಯ ಮಾಡಿದೆ. ನಮ್ಮ ಹಾಸ್ಟೆಲಿನ ಮುಖ್ಯಸ್ಥೆ ದಿಲ್ರುಬಾ ಮೇಡಂ ಅವರಿಗೆ ಒಂದು ಅರ್ಜಿ ಬರೆದೆ. ನಾವು ಹೊರಗೆ ಹೋಗುವುದಿಲ್ಲ, ನಮ್ಮ ಚೀಲಗಳಿಗೆ ಮಾತ್ರ ಬೆಳಗಿನ ಜಾವ ಹೊರಗೆ ಹೋಗಲು ಅನುಮತಿ ಕೊಡಬೇಕು, ಕಾವಲಿನವರು ಅವನ್ನು ಕೈಗಾಡಿಯಲ್ಲಿ ಗ್ರಂಥಾಲಯಕ್ಕೆ ಮುಟ್ಟಿಸಬೇಕು ಎಂದು. ಪಾಪ್ರಿ ಮತ್ತು ನಾನು ಮೇಡಂ ಮುಂದೆ ಕೈಕಟ್ಟಿ ನಿಂತೆವು. ಅವರು ಅರ್ಜಿಯನ್ನು ಎರಡು ಸಲ ಓದಿ, ಧ್ವನಿ ತಗ್ಗಿಸಿ, "ಹೆಣ್ಮಕ್ಕಳ ಚೀಲ ಕತ್ತಲಲ್ಲಿ ಹೊರಗಿದ್ರೆ ನೋಡಿದವರು ಏನಂತಾರೆ? ಅದೂ ಗಂಡುಹುಡುಗರ ಚೀಲಗಳ ಪಕ್ಕ ಪಕ್ಕ" ಎಂದರು. ಪಾಪ್ರಿ, "ಮೇಡಂ, ಜಿಪ್ಪು ಹಾಕಿರ್ತೀವಿ" ಎಂದಳು. ಮೇಡಂ ನಗಲಿಲ್ಲ. "ನಿಮ್ಮ ತಂದೆ ತಾಯಿ ನನ್ನ ನಂಬಿ ಕಳಿಸಿದಾರೆ. ನಾಳೆ ಚೀಲ ಅಂತೀರಿ, ನಾಡಿದ್ದು ನೀವೇ ಅಂತೀರಿ" ಎಂದು ಅರ್ಜಿಯನ್ನು ಮಡಚಿ ಕೈಗೆ ಕೊಟ್ಟರು. ಮಾನ್ಯರೇ, ತಾವು ಯಾವ ಜಾವದಲ್ಲಿ ಬೇಕಾದರೂ ಒಂಟಿಯಾಗಿ ನಿಂತಿರುತ್ತೀರಿ, ತಮ್ಮ ತಂದೆತಾಯಿಯ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚಾಗಿದ್ದು ಆ ದಿನ. ಅದಕ್ಕೆ ಮುಂಚೆ ಬರೀ ಸಿಟ್ಟಿತ್ತು.

ಹಠಕ್ಕೆ ಬಿದ್ದು ನಾನು ಪ್ರತಿ ಸಂಜೆ ನಲವತ್ತೊಂದನ್ನೇ ಕಾಯ್ದಿರಿಸುತ್ತ ಬಂದೆ. ಬೇರೆ ಯಾರೂ ಅದನ್ನು ಕೇಳುತ್ತಿರಲಿಲ್ಲ, ಹಾಗಾಗಿ ತಪ್ಪದೆ ಸಿಗುತ್ತಿತ್ತು. ಬೆಳಿಗ್ಗೆ ಬಂದು ಸಾಲಿನ ತುದಿಯಲ್ಲಿ ನಿಲ್ಲುವುದು, ಎಂಟಕ್ಕೆ ತಾವು ಯಾರದೋ ತೋಳಿನ ಮೇಲೆ ಸವಾರಿಯಾಗಿ ಒಳಗೆ ಹೋಗುವುದನ್ನು ನೋಡುವುದು, ಆಮೇಲೆ ಮೆಟ್ಟಿಲ ಮೇಲೆ ಕೂತು ಓದುವುದು, ಇದೇ ನನ್ನ ದಿನಚರಿಯಾಯಿತು.

ಕಳೆದ ಭಾನುವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಾಲಿನ ತುದಿಯಿಂದ ಬಾಗಿಲೇ ಕಾಣುತ್ತಿರಲಿಲ್ಲ. ಜಗಲಿ ತೊಳೆಯುವವರು ಬಕೆಟು ಹಿಡಿದು ಬಂದರು. ಖೋರ್ಷೇದ್ ಮಾಮಾ, "ಆಪಾಗಳೇ, ಸ್ವಲ್ಪ ಕೈ ಹಾಕಿ, ಈ ಚೀಲ ಎಲ್ಲ ಎತ್ತಿ ಮೇಲಿಡೋಣ. ಆಮೇಲೆ ಹೆಂಗಿತ್ತೋ ಹಂಗೇ ಇಡ್ಬೇಕು, ಹಿಂದೆ ಮುಂದೆ ಆದ್ರೆ ನನ್ನ ಕೆಲಸ ಹೋಗುತ್ತೆ" ಎಂದರು. ಕೈ ಇದ್ದವರು ನಾವು ಮಾತ್ರ ಇದ್ದುದರಿಂದ ನಾವೇ ಎತ್ತಿದೆವು. ಒಂದೊಂದು ಚೀಲವೂ ಗೈಡುಗಳ ಭಾರಕ್ಕೆ ತೋಳು ಎಳೆಯುತ್ತಿತ್ತು. ತಮ್ಮನ್ನು ಎತ್ತಲು ನಾನು ಸೊಂಟ ಕಟ್ಟಿ, ಉಸಿರು ಬಿಗಿಹಿಡಿದು ಬಾಗಿದೆ, ತಾವು ಹೂವಿನ ಹಾಗೆ ಮೇಲೆ ಬಂದಿರಿ. ನಾನು ಹಿಂದಕ್ಕೆ ಮುಗ್ಗರಿಸಿದೆ. ಅಪ್ಪಣೆ ಇಲ್ಲದೆ ತಮ್ಮ ಜಿಪ್ಪು ಎಳೆದದ್ದಕ್ಕೆ ಕ್ಷಮೆಯಿರಲಿ. ಒಳಗೆ ಒಂದು ಪುಸ್ತಕವಿರಲಿಲ್ಲ, ಒಂದು ಪೆನ್ನಿರಲಿಲ್ಲ. ಚಾನಾಚೂರು ಎಂಬ ಖಾರದ ಕುರುಕಲಿನ ಹಳೆಯ ಪೊಟ್ಟಣವೊಂದು ಬಿಟ್ಟರೆ ಏನೂ ಇರಲಿಲ್ಲ.

ಬಾಗಿಲು ತೆರೆಯುವ ಹೊತ್ತಿಗೆ ಆಕಳಿಸುತ್ತ ಬಂದ ತುಹಿನ್ ಎಂಬ ಹುಡುಗ ತಮ್ಮನ್ನು ಎತ್ತಿಕೊಳ್ಳಲು ಕೈ ಚಾಚಿದ. ಚೀಲ ಯಾರದೆಂದು ಕೇಳಿದೆ.

"ರೆಜ್ವಾನ್ ಭಾಯ್‌ದು ಆಪಾ. ಅವರು ಪಾಸಾಗಿ ಹೋಗಿ ಎರಡು ವರ್ಷ ಆಯ್ತು. ದೊಡ್ಡ ಅಧಿಕಾರಿ ಈಗ. ರಸ್ತೆ ಬದಿ ಒತ್ತುವರಿ ತೆಗೆಸೋದು ಅವರದೇ ಕೆಲಸ."

"ಮತ್ತೆ ಚೀಲ ಇಲ್ಲೇನು ಮಾಡ್ತಿದೆ?"

"ಕಾಲ್ಗುಣ ಒಳ್ಳೇದು ಆಪಾ. ಅವರ ನಂತರ ಇದನ್ನ ಮುಟ್ಟಿ ಹೋದ ನಮ್ಮ ಹಾಸ್ಟೆಲ್‌ನೋರು ಮೂರು ಜನ ಪಾಸಾದ್ರು. ಅದಕ್ಕೇ ಸರದಿ ಹಾಕ್ಕೊಂಡು ದಿನಾ ತಂದಿಡ್ತೀವಿ. ಅದು ಕೂತಿದ್ದ ಜಾಗ ತಪ್ಪಿಸಬಾರದು."

"ಸರಿ, ಆ ಕುರ್ಚಿ ಮೇಲೆ ಯಾರು ಕೂರ್ತೀರಿ?"

ಅವನು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿ, "ಯಾರೂ ಕೂರಲ್ಲ ಆಪಾ. ಚೀಲಾನೇ ಕೂರೋದು" ಎಂದ.

ನಾನು ಎಷ್ಟೇ ವಿನಯದಿಂದ ಬರೆಯಬೇಕೆಂದುಕೊಂಡರೂ ಈ ಒಂದು ಜಾಗದಲ್ಲಿ ವಿನಯ ಕೈಕೊಡುತ್ತದೆ. ಇಡೀ ಚಳಿಗಾಲ ನಾನು ಮೆಟ್ಟಿಲ ಮೇಲೆ ಮಂಡಿಗೆ ಗಲ್ಲ ಊರಿ ಓದಿದ್ದು ಇನ್ನೊಬ್ಬ ಪರೀಕ್ಷಾರ್ಥಿಗೆ ಜಾಗ ಬಿಟ್ಟುಕೊಟ್ಟೆನೆಂದಾಗಿದ್ದರೆ, ಅವನಿಗೂ ಇದು ಕೊನೆಯ ಸಲವೋ ಏನೋ ಎಂದು ಸಮಾಧಾನ ತಂದುಕೊಳ್ಳುತ್ತಿದ್ದೆ. ಖಾಲಿ ಚೀಲಕ್ಕೆ ಬಿಟ್ಟುಕೊಟ್ಟಿದ್ದೆ. ನನಗೆ ಅಳು ಬಂತು, ಅಲ್ಲೇ ಅತ್ತೆ. ತುಹಿನ್ ಗಾಬರಿಯಾಗಿ ತಮ್ಮನ್ನು ನನ್ನ ಕೈಯಲ್ಲೇ ಬಿಟ್ಟು ನೀರು ತರಲು ಓಡಿದ.

ಆಗ ತಮ್ಮ ಕೊರಳಲ್ಲಿ ಕಟ್ಟಿದ್ದ ಚೀಟಿ ನನ್ನ ಕಣ್ಣಿಗೆ ಬಿತ್ತು. ಅದರಲ್ಲಿ ನಲವತ್ತೊಂದು ಎಂದಿತ್ತು. ಖೋರ್ಷೇದ್ ಮಾಮಾ ರೂಢಿಯಂತೆ ದಿನಾ ಕಟ್ಟುತ್ತಿದ್ದರು. ಬುಕಿಂಗ್ ದಿನವೂ ರದ್ದಾಗುತ್ತಿದೆಯೆಂದೇ ನಂಬಿದ್ದ ನಾನು ಫೋನು ತೆಗೆದು ನೋಡಿದೆ. ನಲವತ್ತೊಂದರ ಚೀಟಿ ಒಂದು ಚೀಲದ ಮೇಲೆ ಇದ್ದುದರಿಂದ ನನ್ನ ಬುಕಿಂಗ್ ರದ್ದೇ ಆಗಿರಲಿಲ್ಲ, ಯಾವ ದಿನವೂ ಆಗಿರಲಿಲ್ಲ. ಬುಕಿಂಗ್ ಇರಬೇಕು, ಅದೇ ಸಂಖ್ಯೆಯ ಚೀಟಿ ಚೀಲದ ಮೇಲಿರಬೇಕು ಎಂದಷ್ಟೇ ಸಮಿತಿ ಹೇಳಿತ್ತು, ಚೀಲ ಯಾರದಾಗಿರಬೇಕೆಂದು ಬರೆಯಲು ಸಿಂಗಾರದ ಗಡಿಬಿಡಿಯಲ್ಲಿ ಮರೆತಿದ್ದರು. ನಾನು ಕಣ್ಣೊರೆಸಿಕೊಂಡು, ತಮ್ಮನ್ನು ಹೆಗಲಿಗೇರಿಸಿಕೊಂಡು, ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಒಳಗೆ ನಡೆದೆ. ಕಿಟಕಿ ಪಕ್ಕದ ಆ ಕುರ್ಚಿಯ ಮೇಲೆ ನಾನು ಕೂತೆ, ತಮ್ಮನ್ನು ನೆಲದ ಮೇಲಿಟ್ಟೆ.

ಓದುಕೋಣೆಯಲ್ಲಿ ಪೆನ್ನುಗಳು ನಿಂತವು. ಖೋರ್ಷೇದ್ ಮಾಮಾ ಓಡಿ ಬಂದು, "ಆಪಾ, ಅದು ಚೀಲದ ಜಾಗ" ಎಂದರು. ನಾನು ಫೋನನ್ನೂ ಚೀಟಿಯನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ. ಅವರು ಎರಡನ್ನೂ ಬಹಳ ಹೊತ್ತು ನೋಡಿ, ತಲೆ ಕೆರೆದುಕೊಂಡು, "ಲೆಕ್ಕ ಸರಿ ಇದೆ. ಆದ್ರೂ ಸರಿ ಇಲ್ಲ" ಎಂದು ಹೊರಟುಹೋದರು. ಮೊಕದ್ದೆಸ್ ಸಾಹೇಬರು ಬಂದು ನೋಡಿ, ಇದು ಸಮಿತಿಗೆ ಹೋಗಬೇಕಾದ ವಿಷಯವೆಂದರು. ಸಮಿತಿ ಸೇರುವುದು ಪರೀಕ್ಷೆಯ ಮರುವಾರ.

ಮಧ್ಯಾಹ್ನ ಹುಡುಗರ ನಿಯೋಗ ಬಂತು. ತುಹಿನ್ ಮುಂದಾಳು. "ಆಪಾ, ನೀವು ಕೂತ್ಕೊಳ್ಳಿ, ನಾವು ಬೇಡ ಅನ್ನಲ್ಲ. ಆದ್ರೆ ಪರೀಕ್ಷೆ ಹತ್ರ ಬಂತು, ಚೀಲ ನೆಲದ ಮೇಲೆ ಇಟ್ಟಿದೀರಿ. ನಮ್ಮ ಹಾಸ್ಟೆಲ್‌ನೋರು ಫೇಲಾದ್ರೆ ಯಾರು ಹೊಣೆ?" ಎಂದ. ಹುಡುಗನ ಕಣ್ಣಲ್ಲಿ ನಿಜವಾದ ಭಯವಿತ್ತು, ಆ ಭಯ ನನಗೂ ಚೆನ್ನಾಗಿ ಗೊತ್ತು, ಆದ್ದರಿಂದ ಜಗಳವಾಡಲು ಮನಸ್ಸಾಗಲಿಲ್ಲ. ಕೊನೆಗೆ ಆದ ಒಪ್ಪಂದದಂತೆ ಕುರ್ಚಿಯ ಮೇಲೆ ನಾನು, ನನ್ನ ತೊಡೆಯ ಮೇಲೆ ತಾವು. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಹೀಗೆಯೇ ಓದುತ್ತಿದ್ದೇವೆ.

ಈ ಆತ್ಮೀಯತೆಯ ಸಲಿಗೆಯಿಂದ ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ. ತಮ್ಮನ್ನು ಮುಟ್ಟಿ ಹೋಗಲು ಬರುವ ಭಕ್ತರು ಪುಟಕ್ಕೊಬ್ಬರಂತೆ ಬರುತ್ತಿದ್ದಾರೆ. ಬಂದವರು ನನ್ನನ್ನು ನೋಡಿ ನಾಚಿ, "ಆಪಾ, ಸ್ವಲ್ಪ ಪಟ್ಟಿ ಈ ಕಡೆ ಕೊಡ್ತೀರಾ?" ಎಂದು ಪಿಸುಗುಡುತ್ತಾರೆ. ನಿನ್ನೆ ಹವಾಮಾನ ಒಪ್ಪಂದಗಳ ಪಾಠ ಅರ್ಧಕ್ಕೇ ನಿಂತಿತು. ದಯವಿಟ್ಟು ದರ್ಶನದ ವೇಳೆಯೊಂದನ್ನು ನಿಗದಿಪಡಿಸಿ ಪ್ರಕಟಿಸಬೇಕು. ತಾವು ಇಷ್ಟು ದೀರ್ಘಕಾಲ ಓದುಕೋಣೆಯಲ್ಲಿ ಕಳೆದಿರುವುದರಿಂದ ಸಾಮಾನ್ಯ ಜ್ಞಾನದಲ್ಲಿ ನಮಗೆಲ್ಲ ಪಾಠ ಹೇಳಲು ಸಮರ್ಥರಿದ್ದೀರಿ, ನನಗೆ ದಶಮಾಂಶ ಲೆಕ್ಕಗಳು ತಲೆಗೆ ಹತ್ತುತ್ತಿಲ್ಲ, ಬಿಡುವಾದಾಗ ಹೇಳಿಕೊಡಬೇಕು. ಮುಂದೆ ತಾವೇ ಪರೀಕ್ಷೆ ಪಾಸಾಗಿ ಜಿಲ್ಲಾಧಿಕಾರಿಯಾದರೆ ನನಗೆ ಆಶ್ಚರ್ಯವಿಲ್ಲ, ಏಕೆಂದರೆ ತಮ್ಮಷ್ಟು ಕದಲದೆ ಕುರ್ಚಿ ಹಿಡಿದವರನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಇನ್ನೊಂದು ಕೋರಿಕೆ ಹಾಸ್ಯಕ್ಕಲ್ಲ. ಶುಕ್ರವಾರದ ನಂತರ ನಾನು ಈ ಗ್ರಂಥಾಲಯಕ್ಕೆ ಬರುವುದಿಲ್ಲ. ಪಾಸಾದರೂ ಬರುವುದಿಲ್ಲ, ಆಗದಿದ್ದರೂ ಬರುವುದಿಲ್ಲ. ಪಾಪ್ರಿ ಮುಂದಿನ ವರ್ಷ ಬರೆಯುತ್ತಾಳೆ. ಅವಳಿಗೆ ನಲವತ್ತೊಂದನ್ನು ಕಾಯ್ದಿರಿಸುವುದನ್ನು ಹೇಳಿಕೊಟ್ಟಿದ್ದೇನೆ, ಚೀಟಿಯ ಗುಟ್ಟನ್ನೂ ಹೇಳಿದ್ದೇನೆ, ಈಗ ಈ ಪತ್ರದ ಮೂಲಕ ಎಲ್ಲ ಹುಡುಗಿಯರಿಗೂ ಹೇಳಿದಂತಾಯಿತು. ಸಮಿತಿಯವರು ನಿಯಮ ತಿದ್ದುವಾಗ ಚೀಲಕ್ಕೆ ಒಡೆಯ ಬೇಕೆಂದು ಬರೆಯುವುದಾದರೆ, ಒಡೆಯರು ಬರುವ ದಾರಿಯ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆಂದೂ ಬರೆಯಲಿ. ಅಲ್ಲಿಯವರೆಗೆ ಆರು ಗಂಟೆಗೆ ಓಡಿಬರುವ ಯಾವ ಹುಡುಗಿ ಕೈ ಚಾಚಿದರೂ ತಾವು ಮೊದಲ ದಿನ ನನ್ನ ಕೈಗೆ ಬಂದಷ್ಟೇ ಹಗುರವಾಗಿ ಅವಳ ಕೈಗೂ ಬರಬೇಕೆಂದು ಬೇಡಿಕೊಳ್ಳುತ್ತೇನೆ.

ನಾಳೆ ತಮ್ಮ ಪಟ್ಟಿಗೆ ಹೊಸ ಹೊಲಿಗೆ ಹಾಕುತ್ತೇನೆ, ನೀಲಿ ಹಗ್ಗ ನನ್ನ ತೊಡೆಗೆ ಚುಚ್ಚುತ್ತಿದೆ. ಇದನ್ನು ಉಪಕಾರವೆಂದು ಭಾವಿಸಬೇಕಾಗಿಲ್ಲ.

ತಮ್ಮ ಭಾರವನ್ನು ತೊಡೆಯ ಮೇಲೆ ಹೊತ್ತಿರುವ,
ತಮ್ಮ ವಿಶ್ವಾಸಿ,
ಮನೋವಾರಾ ಖಾತುನ್
ಕುರ್ಚಿ ಸಂಖ್ಯೆ ನಲವತ್ತೊಂದು

ಮರೆತ ಮಾತು: ಶುಕ್ರವಾರ ತಮ್ಮನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಬೇಕೆಂದು ತುಹಿನ್ ಮತ್ತು ಗೆಳೆಯರು ಹಟ ಹಿಡಿದಿದ್ದಾರೆ. ನನ್ನ ಅಭ್ಯಂತರವಿಲ್ಲ. ಆದರೆ ಪ್ರವೇಶಪತ್ರದ ಬೆನ್ನಿಗೆ ಅಚ್ಚಾಗಿರುವ ಸೂಚನೆಯನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ: ಪರೀಕ್ಷಾ ಕೊಠಡಿಯೊಳಗೆ ಯಾವ ಚೀಲಕ್ಕೂ ಪ್ರವೇಶವಿಲ್ಲ. ಅಲ್ಲಿ ಒಂದು ಕುರ್ಚಿಗೆ ನನ್ನ ಸಂಖ್ಯೆ ಅಂಟಿಸಿರುತ್ತಾರೆ, ಅದರ ಮೇಲೆ ನಾನು ಹೋಗುವವರೆಗೆ ಏನೂ ಇರುವುದಿಲ್ಲ. ತಾವು ಹೊರಗೆ, ಮುಚ್ಚಿದ ಗೇಟಿನ ಹತ್ತಿರ ಕಾಯಬೇಕಾಗುತ್ತದೆ. ಅಭ್ಯಾಸವಿಲ್ಲದಿದ್ದರೆ ಹೇಗೆ ಕಾಯುವುದೆಂದು ನಮ್ಮ ಹಾಸ್ಟೆಲಿನ ಯಾವ ಹುಡುಗಿಯನ್ನಾದರೂ ಕೇಳಿ, ಹೇಳಿಕೊಡುತ್ತಾಳೆ.